‘ವಿಕಾಸ’ವೆಂಬ ಪದ ಮತ್ತು ಕಾಲೇಜಿನ ತರಗತಿ



ಜೀವವಿಕಾಸವೆಂದರೇನೆಂದು ಪದವಿ ತರಗತಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, ‘ಮಂಗನಿಂದ ಮಾನವ’. ಈ ಎರಡು ಪದಗಳಲ್ಲಿಯೇ ತಪ್ಪು ತಿಳಿವಳಿಕೆ ಅಡಗಿದೆ. ಇಂದಿನ ಮಂಗ ಮಾನವನ ಅಜ್ಜನಲ್ಲ, ದೂರದ ದಾಯಾದಿ. ಚಿಂಪಾಂಜಿಗೂ ಮಾನವನಿಗೂ ಸಮಾನವಾದ ಪೂರ್ವಜ ಜೀವಿ ಲಕ್ಷಾಂತರ ವರ್ಷಗಳ ಹಿಂದೆ ಬಾಳಿ ಅಳಿದಿದೆ.

ಗೊಂದಲಕ್ಕೆ ಭಾಷೆಯೂ ಒಂದು ಕಾರಣ. ‘ವಿಕಾಸ’ವೆಂದರೆ ಅರಳುವಿಕೆ, ರಾಜಕಾರಣ ಅದಕ್ಕೆ ಪ್ರಗತಿಯೆಂಬ ಅರ್ಥವನ್ನೂ ಕೂಡಿಸಿದೆ. ಆದ್ದರಿಂದ ಜೀವಿಗಳೆಲ್ಲ ಏಣಿಯೇರುತ್ತಿವೆ, ತುದಿಯಲ್ಲಿ ಮನುಷ್ಯ ನಿಂತಿದ್ದಾನೆ ಎಂಬ ಚಿತ್ರ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುತ್ತದೆ. ‘ವಿಕಾಸವಾದ’ದ ‘ವಾದ’ವಂತೂ ಅದನ್ನು ಕೇವಲ ಅಭಿಪ್ರಾಯವಾಗಿಸುತ್ತದೆ. ಆದರೆ 1859ರ ಗ್ರಂಥದಲ್ಲಿ ಡಾರ್ವಿನ್ ನೀಡಿದ ಏಕೈಕ ರೇಖಾಚಿತ್ರ ಏಣಿಯದಲ್ಲ, ಕವಲೊಡೆಯುವ ವಂಶಗಳದ್ದು.

ಅಧ್ಯಾಪಕರೂ ಈ ಗೊಂದಲಕ್ಕೆ ಹೊರತಲ್ಲ. ‘ರೋಗಾಣುಗಳು ಔಷಧಕ್ಕೆ ಒಗ್ಗಿಕೊಂಡವು’ ಎಂಬ ವಾಕ್ಯ ಬೋಧನೆಯಲ್ಲಿ ಸಲೀಸಾಗಿ ನುಸುಳುತ್ತದೆ. ಯಾವ ರೋಗಾಣುವೂ ಅಗತ್ಯವರಿತು ತನ್ನನ್ನು ಬದಲಿಸಿಕೊಳ್ಳುವುದಿಲ್ಲ. ಕೋಟ್ಯಂತರ ರೋಗಾಣುಗಳ ನಡುವೆ ಆಕಸ್ಮಿಕವಾಗಿ ಔಷಧವನ್ನು ತಡೆಯಬಲ್ಲ ಕೆಲವು ಇರಬಹುದು. ಉಳಿದವು ಸಾಯುತ್ತವೆ, ಅವು ಬದುಕಿ, ಆ ಗುಣವನ್ನು ಸಂತತಿಗೆ ದಾಟಿಸುತ್ತವೆ. ಬದಲಾಗುವುದು ವ್ಯಕ್ತಿಯಲ್ಲ, ಸಮೂಹ. ಇದೇ ನಿಸರ್ಗದ ಆಯ್ಕೆ.

2018ರ ಜನವರಿಯಲ್ಲಿ ಕೇಂದ್ರದ ರಾಜ್ಯಸಚಿವ ಸತ್ಯಪಾಲ್ ಸಿಂಗ್ ಅವರು, ಮಂಗ ಮನುಷ್ಯನಾದುದನ್ನು ಪೂರ್ವಿಕರಾರೂ ಕಂಡಿಲ್ಲವೆಂದು ಹೇಳಿ ಡಾರ್ವಿನ್ ಸಿದ್ಧಾಂತವನ್ನು ತಳ್ಳಿಹಾಕಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಅದನ್ನು ನಿರಾಕರಿಸಿದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪಠ್ಯದಿಂದ ಜೀವವಿಕಾಸದ ಭಾಗವೇ ಮರೆಯಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯಲ್ಲಿ ಅದು ಉಳಿದಿದೆ ಎಂಬ ಸಮರ್ಥನೆ ಕೇಳಿಬಂದಿತು. ನಿಜ, ಆದರೆ ಅದು ಜೀವಶಾಸ್ತ್ರವನ್ನು ಆರಿಸಿಕೊಂಡವರಿಗೆ ಮಾತ್ರ. ವಾಣಿಜ್ಯ, ಕಲೆ, ತಾಂತ್ರಿಕ ಶಿಕ್ಷಣದತ್ತ ಸಾಗುವವರಿಗೆ ಹತ್ತನೆಯ ತರಗತಿಯೇ ಕೊನೆಯ ಅವಕಾಶವಾಗಿತ್ತು. ನಾಳಿನ ಅಧಿಕಾರಿ, ಪತ್ರಕರ್ತ, ಶಾಸಕ ಬರುವುದು ಆ ವಿಭಾಗಗಳಿಂದಲೂ ಹೌದು.

ವಿದ್ಯಾರ್ಥಿಯು ಸಿದ್ಧಾಂತವನ್ನು ನಂಬಬೇಕೆಂದು ಯಾರೂ ಒತ್ತಾಯಿಸಬೇಕಿಲ್ಲ. ಅದು ಹೇಳುವುದೇನು, ಅದಕ್ಕೆ ಆಧಾರಗಳೇನು ಎಂಬುದನ್ನು ಆತ ಸರಿಯಾಗಿ ಅರಿಯಬೇಕು. ಅರಿಯದೆ ಒಪ್ಪುವುದೂ ಅರಿಯದೆ ನಿರಾಕರಿಸುವುದೂ ಒಂದೇ ಬಗೆಯ ಆಲಸ್ಯ. 1945ರ ನೊಬೆಲ್ ಉಪನ್ಯಾಸದಲ್ಲಿಯೇ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ನ ಅರೆಪ್ರಮಾಣದ ಬಳಕೆಯ ಅಪಾಯವನ್ನು ಎಚ್ಚರಿಸಿದ್ದರು. ಆ ಎಚ್ಚರಿಕೆ ಇಂದು ಮನೆಮನೆಯ ಔಷಧದ ಡಬ್ಬಿಗೂ ಅನ್ವಯಿಸುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ಪಾಠವನ್ನೇ ಕೈಬಿಡುವುದು ಯಾವ ಸಮಾಜಕ್ಕೂ ಹಿತವಲ್ಲ.