ಗೋಲು ಹೊಡೆಯದ ಆಟಗಾರ್ತಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತುಗಳು)



ಪ್ರತಿ ವರ್ಷ ಈ ಸಭೆಯಲ್ಲಿ ಡಾಕ್ಟರು, ಇಂಜಿನಿಯರುಗಳ ಉದಾಹರಣೆ ಕೊಡುವುದು ವಾಡಿಕೆ. ಈ ಸಲ ನಾವು ಒಬ್ಬ ಫುಟ್‌ಬಾಲ್ ಆಟಗಾರ್ತಿಯ ವಿಷಯ ಹೇಳುತ್ತೇವೆ. ಬೇಸರ ಮಾಡಿಕೊಳ್ಳಬೇಡಿ.

ಹೆಸರು ನೊಹೈಲಾ ಬೆಂಜೀನಾ. 1998ರಲ್ಲಿ ಮೊರಾಕ್ಕೊ ದೇಶದ ಕೆನಿತ್ರಾ ಊರಿನಲ್ಲಿ ಹುಟ್ಟಿದವರು. ರಾಜಧಾನಿ ರಬಾತ್‌ನ ಸೇನಾ ಕ್ಲಬ್ಬಿನ ವೃತ್ತಿಪರ ಆಟಗಾರ್ತಿಯಾಗಿ ಹೆಸರು ಮಾಡಿದರು. 2022ರಲ್ಲಿ ಆ ಕ್ಲಬ್ಬು ಆಫ್ರಿಕಾದ ಮಹಿಳಾ ಚಾಂಪಿಯನ್ಸ್ ಲೀಗ್ ಗೆದ್ದಿತು. ಅವರದು ಡಿಫೆಂಡರ್ ಸ್ಥಾನ. ಎದುರಾಳಿ ಬಂದಾಗ ಅಡ್ಡ ನಿಲ್ಲುವುದು, ಚೆಂಡು ಕಸಿಯುವುದು, ಗೋಲ್‌ಕೀಪರಿಗೆ ಕಷ್ಟ ಬಾರದಂತೆ ನೋಡಿಕೊಳ್ಳುವುದು. ಗೋಲು ಹೊಡೆದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ತಡೆದವರದು ಬರುವುದು ಅಪರೂಪ. ಮನೆಯಲ್ಲಿ ಅಮ್ಮಂದಿರ ಕೆಲಸದ ಹಾಗೆ ಅನ್ನಿ.

ಬೆಂಜೀನಾ ತಲೆಗೆ ಹಿಜಾಬ್ ಧರಿಸಿ ಆಡುತ್ತಾರೆ. 2007ರಲ್ಲಿ, ಅವರಿನ್ನೂ ಚಿಕ್ಕ ಹುಡುಗಿಯಾಗಿದ್ದಾಗ, ಫುಟ್‌ಬಾಲ್ ನಿಯಮ ರೂಪಿಸುವ ಮಂಡಳಿ ಹಿಜಾಬ್ ಕೂಡದೆಂದಿತು. ಕುತ್ತಿಗೆಗೆ ಅಪಾಯ ಎಂಬ ಕಾರಣವನ್ನೂ ಹೇಳಿದರು. 2011ರಲ್ಲಿ ಇರಾನಿನ ಹೆಣ್ಣುಮಕ್ಕಳು ಒಲಿಂಪಿಕ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನ್‌ಗೆ ಹೋಗಿ, ಇದೇ ನಿಯಮದಿಂದಾಗಿ ಆಡದೇ ಮರಳಿದರು. ಜೋರ್ಡಾನಿನ ರಾಜಕುಮಾರ ಅಲಿ, ಫಿಫಾದ ಉಪಾಧ್ಯಕ್ಷರಾಗಿದ್ದವರು, ಇದನ್ನು ಬದಲಿಸಲು ಹಟ ಹಿಡಿದರು. 2012ರಲ್ಲಿ ಪ್ರಾಯೋಗಿಕ ಅನುಮತಿ ಸಿಕ್ಕಿತು, 2014ರ ಮಾರ್ಚಿನಲ್ಲಿ ನಿಯಮವೇ ಬದಲಾಯಿತು. ಆಗ ಬೆಂಜೀನಾಗೆ 15 ವರ್ಷ. ಅವರಿಗಿಂತ ಹತ್ತು ವರ್ಷ ದೊಡ್ಡವರಾದವರ ಗತಿ ಏನಾಯಿತೆಂದು ಯೋಚಿಸಿ ನೋಡಿ. ಆಡುವ ವಯಸ್ಸು ಕಾಯುವುದಿಲ್ಲ.

2023ರ ವಿಶ್ವಕಪ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆಯಿತು. ಮೊದಲ ಪಂದ್ಯದಲ್ಲಿ ಜರ್ಮನಿ ಮೊರಾಕ್ಕೊವನ್ನು 6-0 ಅಂತರದಿಂದ ಸೋಲಿಸಿತು. ಆ ದಿನ ಬೆಂಜೀನಾ ಆಡಿರಲಿಲ್ಲ. ಜುಲೈ 30ರಂದು ಅಡಿಲೇಡ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಕಣಕ್ಕಿಳಿದರು. ಹಿರಿಯರ ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದವರಲ್ಲಿ ಇವರೇ ಮೊದಲಿಗರು. ಆರನೇ ನಿಮಿಷದಲ್ಲಿ ಇಬ್ತಿಸಾಮ್ ಜ್ರೈದಿ ಗೋಲು ಹೊಡೆದರು. ಉಳಿದ ಎಂಬತ್ತು ಚಿಲ್ಲರೆ ನಿಮಿಷ ಆ ಒಂದು ಗೋಲನ್ನು ಕಾಪಾಡುವುದೇ ಕೆಲಸ. ಕಾಪಾಡಿದರು. ಮುಂದೆ ಕೊಲಂಬಿಯಾವನ್ನೂ 1-0ಯಿಂದ ಸೋಲಿಸಿ ತಂಡ ನಾಕೌಟ್ ತಲುಪಿತು. ಅಲ್ಲಿ ಫ್ರಾನ್ಸ್ 4-0ಯಿಂದ ಗೆದ್ದಿತು, ಅದನ್ನೂ ಹೇಳಿಬಿಡೋಣ.

ಈಗ ನಮ್ಮ ತಪ್ಪಿನ ಮಾತು. ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಚೆನ್ನಾಗಿ ಓಡುತ್ತಿದ್ದ ಹುಡುಗಿಯರು ಎಂಟನೆಯದಕ್ಕೆ ಬಂದ ಮೇಲೆ ಮೈದಾನದ ಅಂಚಿನಲ್ಲಿ ಕುಳಿತು ಬ್ಯಾಗು ಕಾಯುತ್ತಿದ್ದರು. ಯಾಕಮ್ಮ ಎಂದು ನಾವು ಕೇಳಲಿಲ್ಲ. ಮನೆಯವರಿಗೆ ಇಷ್ಟವಿಲ್ಲದಿರಬಹುದು ಎಂದು ನಾವೇ ತೀರ್ಮಾನಿಸಿ, ಕ್ರೀಡಾಕೂಟದ ಪಟ್ಟಿಯಿಂದ ಹೆಸರು ಬಿಡುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಒಬ್ಬ ತಾಯಿ ಮಾರ್ಕೆಟ್‌ನಲ್ಲಿ ಸಿಕ್ಕಿ, "ಮನೆಯಲ್ಲಿ ನಾವೇನೂ ಬೇಡ ಅಂದಿರಲಿಲ್ಲ, ನೀವೇ ಕರೆಯಲಿಲ್ಲವಲ್ಲ" ಎಂದರು. ಉತ್ತರ ಕೊಡಲಾಗಲಿಲ್ಲ.

ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕ್ರೀಡೆಗೂ ಒಂದು ಕಲಂ ಇದೆ. ಹೆಣ್ಣುಮಕ್ಕಳ ಅರ್ಜಿಗಳಲ್ಲಿ ಅದು ಹೆಚ್ಚಾಗಿ ಖಾಲಿಯಾಗಿಯೇ ಬರುತ್ತದೆ. ಪೋಷಕರೇ, ತುಂಬುವ ಮೊದಲು ಮಗಳನ್ನು ಒಮ್ಮೆ ಕೇಳಿ. ತಾಲ್ಲೂಕು ಮಟ್ಟದ ಸರ್ಟಿಫಿಕೇಟ್ ಇದ್ದರೂ ಸಾಕು, ಜೆರಾಕ್ಸ್ ಲಗತ್ತಿಸಿ ಕೊಡಿ.