ಚಿಕಿತ್ಸೆ ಮುಗಿದ ಮೇಲೂ ಜೊತೆಗಿರೋಣ



ಕ್ಯಾನ್ಸರ್ ಬಂತೆಂದರೆ ಸಾವೇ ಎನ್ನುವ ಕಾಲ ಇದಲ್ಲ. ಬೇಗ ಪತ್ತೆಯಾಗಿ ಪೂರ್ತಿ ಚಿಕಿತ್ಸೆ ಪಡೆದ ಅನೇಕರು ಗುಣವಾಗಿ ನಮ್ಮ ನಡುವೆ ಬಾಳುತ್ತಿದ್ದಾರೆ. ಆದರೆ ಗುಣವಾದ ಮೇಲಿನ ಬದುಕು ಪಟ್ಟಣದವಳಿಗೂ ಹಳ್ಳಿಯವಳಿಗೂ ಒಂದೇ ಆಗಿರುವುದಿಲ್ಲ. ಶ್ರೀಮಂತ ದೇಶವಾದ ಅಮೆರಿಕದಲ್ಲೂ ಹೀಗೇ ಇದೆ. ಅಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಯಾನ್ಸರ್‌ನಿಂದ ಪಾರಾದವರ ಪೈಕಿ ಆರೋಗ್ಯ ಸರಿಯಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ, ದುಡಿಯಲು ಆಗುತ್ತಿಲ್ಲ ಎಂದವರು ಹಳ್ಳಿಗಳಲ್ಲೇ ಹೆಚ್ಚಾಗಿದ್ದರು.

ನಮ್ಮಲ್ಲಿ ನೋಡಿರಿ. ಬೆಳಗಾವಿ ಶಹರದ ಹೆಣ್ಣುಮಗಳು ಮುಂಜಾನೆ ತಪಾಸಣೆಗೆ ಹೋಗಿ ಮಧ್ಯಾಹ್ನ ಮನೆ ಸೇರಬಹುದು. ರಾಮದುರ್ಗದವಳಿಗೆ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಸವದತ್ತಿ, ಕಿತ್ತೂರಿನವರು ಧಾರವಾಡ ದಾಟಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ನಿಜ. ಆದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ದನಕರು ಯಾರು ನೋಡುತ್ತಾರೆ? "ಆರಾಮ ಆಗೇತಲ್ಲ, ಮತ್ಯಾಕ ದವಾಖಾನಿ?" ಎಂದು ಮನೆಯವರೂ ಕೇಳುತ್ತಾರೆ. ಹೀಗೆ ತಪಾಸಣೆ ತಪ್ಪುತ್ತದೆ, ಗುಳಿಗೆ ನಿಲ್ಲುತ್ತದೆ. ಸ್ತನ ಕ್ಯಾನ್ಸರ್ ಆದ ಕೆಲವರು ಐದು ವರ್ಷ ಅಥವಾ ಹೆಚ್ಚು ಕಾಲ ದಿನಾ ಗುಳಿಗೆ ನುಂಗಬೇಕಾಗುತ್ತದೆ. ಡಾಕ್ಟರರನ್ನು ಕೇಳದೆ ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚು.

ಕೆಲಸದ ರೀತಿಯೂ ಬೇರೆ. ಕಂಕುಳಲ್ಲಿ ಆಪರೇಶನ್ ಆದವರಿಗೆ ಆ ಕಡೆಯ ಕೈಗೆ ಬಾವು ಬರಬಹುದು. ಕುಡಗೋಲಿನ ಗಾಯ, ರೊಟ್ಟಿ ಹಂಚಿನ ಸುಟ್ಟ ಗಾಯದಿಂದ ಆ ಕೈಗೆ ನಂಜು ಏರಬಹುದು. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅಂದೇ ಡಾಕ್ಟರರಿಗೆ ತೋರಿಸಬೇಕು.

ಹಾಗಾದರೆ ಸಂಘ ಏನು ಮಾಡಬಹುದು? ಆ ಅಕ್ಕನ ಮುಂದಿನ ತಪಾಸಣೆಯ ತಾರೀಖನ್ನು, ಆಕೆ ಒಪ್ಪಿದರೆ, ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ. ಸರದಿಯಂತೆ ಒಬ್ಬರು ಜೊತೆಗೆ ಹೋಗಿರಿ, ಇನ್ನೊಬ್ಬರು ಆಕೆಯ ಮನೆ ನೋಡಿಕೊಳ್ಳಿರಿ. ಆ ತಿಂಗಳ ಕಂತಿಗೆ ಗಡುವು ಕೊಡಿರಿ. ಆಕೆ ಬಡ್ಡಿ ಸಾಲಕ್ಕೆ ಬೇರೆಯವರ ಬಾಗಿಲಿಗೆ ಹೋಗುವಂತಾಗಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ, ಕಾರ್ಡ್ ಮಾಡಿಸಿಕೊಡಿರಿ. ತಂಬಾಕು, ಮಿಶ್ರಿ ಬಿಡಲು ಆಕೆಗೆ ನೆರವಾಗಿರಿ, ನೀವೂ ಬಿಡಿರಿ.

ಇನ್ನೊಂದು ಮಾತು. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಆಕೆಯ ತಾಟು, ಚರಿಗೆ ಬೇರೆ ಇಡಬೇಡಿರಿ. ಸಂಘದ ಚಾಪೆಯ ಮೇಲೆ ಆಕೆಯ ಜಾಗ ಮೊದಲಿನಂತೆಯೇ ಇರಲಿ.

ಆಸ್ಪತ್ರೆಯನ್ನು ನಾವು ಊರಿಗೆ ತರಲಾರೆವು. ಆದರೆ ಆಸ್ಪತ್ರೆಯ ದಾರಿಯಲ್ಲಿ ಆಕೆ ಒಂಟಿಯಾಗದಂತೆ ನೋಡಿಕೊಳ್ಳಬಲ್ಲೆವು.