ಸುಂಕವಿಲ್ಲದ ಗಡಿ, ಕಾಗದದ ಗೋಡೆ

ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್ ಎಂಬ ಸೌಧ ಎರಡು ಭಾಷಣಗಳಿಗೆ ಸಾಕ್ಷಿಯಾಗಿದೆ. 1988ರ ಏಪ್ರಿಲ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಲ್ಲಿ ಉದ್ಯಮಿಗಳ ಮುಂದೆ ಮಾತನಾಡಿ, ಯೂರೋಪಿನಲ್ಲಿ ತಡೆಗಳೇ ಇಲ್ಲದ ಏಕ ಮಾರುಕಟ್ಟೆ ಬರಲಿದೆ, 30 ಕೋಟಿಗೂ ಹೆಚ್ಚು ಗ್ರಾಹಕರು ದೊರೆಯಲಿದ್ದಾರೆ, ಸಿದ್ಧರಾಗಿ ಎಂದು ಹುರಿದುಂಬಿಸಿದರು. 2017ರ ಜನವರಿಯಲ್ಲಿ ಅದೇ ಪಕ್ಷದ ಪ್ರಧಾನಿ ತೆರೆಸಾ ಮೇ ಅದೇ ಸೌಧದಲ್ಲಿ ನಿಂತು, ಬ್ರಿಟನ್ ಆ ಮಾರುಕಟ್ಟೆಯಿಂದ ಹೊರಬರುತ್ತದೆ ಎಂದು ಸಾರಿದರು. ಕಟ್ಟಿದವರ ಕೈಯೇ ಕೆಡವಲು ಹೊರಟಿತ್ತು. ಈ ನಡುವೆ ಬ್ರಿಟನ್ನಿನ ಕಾರ್ಖಾನೆಗಳ ಗತಿ ಏನಾಗಿತ್ತು, ಮುಂದೆ ಏನಾಯಿತು?

ಈಶಾನ್ಯ ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣವನ್ನೇ ನೋಡೋಣ. ಅದು ಹಡಗು ಕಟ್ಟುವವರ ಊರು. 1988ರ ಕೊನೆಯಲ್ಲಿ ಅಲ್ಲಿ ಉಳಿದಿದ್ದ ಹಡಗುಕಟ್ಟೆಗಳನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಅದಕ್ಕೆ ಎರಡು ವರ್ಷ ಮೊದಲು, 1986ರಲ್ಲಿ, ಜಪಾನಿನ ನಿಸ್ಸಾನ್ ಕಂಪೆನಿ ಅಲ್ಲಿ ಕಾರು ತಯಾರಿಕೆ ಆರಂಭಿಸಿತ್ತು. ಅದು ಬಂದದ್ದು ಬ್ರಿಟಿಷರಿಗೆ ಕಾರು ಮಾರಲೆಂದು ಮಾತ್ರವಲ್ಲ. ಬ್ರಿಟನ್ ಅದಕ್ಕೆ ಯೂರೋಪಿನ ಹೆಬ್ಬಾಗಿಲು. ಅಲ್ಲಿ ತಯಾರಾದ ಕಾರುಗಳಲ್ಲಿ ಹೆಚ್ಚಿನವು ಕಡಲು ದಾಟಿ ಯೂರೋಪಿನ ಮುಖ್ಯಭೂಮಿಗೆ ಹೋಗುತ್ತಿದ್ದವು. ಬಿಡಿಭಾಗಗಳು ಅಲ್ಲಿಂದ ಬರುತ್ತಿದ್ದವು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಯಬೇಕು. ಗಡಿಯಲ್ಲಿ ಸುಂಕ ತೆಗೆಯುವುದು ಬೇರೆ, ಗಡಿಯನ್ನೇ ತೆಗೆಯುವುದು ಬೇರೆ. ಸುಂಕ ಹೋದರೂ ತಪಾಸಣೆ, ಪ್ರಮಾಣಪತ್ರ, ದೇಶಕ್ಕೊಂದು ಗುಣಮಟ್ಟದ ನಿಯಮ ಉಳಿಯುತ್ತವೆ. ಇಂಥ ಸುಮಾರು 300 ತೊಡಕುಗಳನ್ನು ಪಟ್ಟಿ ಮಾಡಿ, ಅವನ್ನು ಕಿತ್ತೊಗೆಯುವ ಯೋಜನೆಯನ್ನು 1985ರಲ್ಲಿ ರೂಪಿಸಿದವರು ಥ್ಯಾಚರ್ ಅವರೇ ಕಳುಹಿಸಿದ್ದ ಲಾರ್ಡ್ ಕಾಕ್‌ಫೀಲ್ಡ್. 1993ರ ಜನವರಿ 1ರಿಂದ ಏಕ ಮಾರುಕಟ್ಟೆ ಜಾರಿಗೆ ಬಂತು. ಬಿಡಿಭಾಗಗಳನ್ನು ಗೋದಾಮಿನಲ್ಲಿ ತುಂಬಿಡದೆ, ಬೇಕಾದ ಗಳಿಗೆಗೆ ತರಿಸಿಕೊಳ್ಳುವ ಕಾರ್ಖಾನೆಗಳಿಗೆ ಇದು ವರದಾನವಾಯಿತು.

2016ರ ಜನಮತಗಣನೆಯಲ್ಲಿ ಶೇಕಡಾ 51.9 ಮಂದಿ ಐರೋಪ್ಯ ಒಕ್ಕೂಟವನ್ನು ತೊರೆಯಲು ಒಪ್ಪಿದರು. ಸಂಡರ್ಲೆಂಡ್‌ನಲ್ಲಿ ಈ ಪ್ರಮಾಣ ಶೇಕಡಾ 61. ತೊರೆಯಬೇಕೆಂದವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಒಕ್ಕೂಟಕ್ಕೆ ಹೋಗುವ ರಫ್ತಿನ ಪಾಲು ಅದಾಗಲೇ ಇಳಿಯುತ್ತಿತ್ತು. ಬೆಳೆಯುತ್ತಿರುವ ದೇಶಗಳೊಡನೆ ಬ್ರಿಟನ್ ಸ್ವಂತ ಒಪ್ಪಂದ ಮಾಡಿಕೊಳ್ಳಬಹುದು. ಪೌಂಡ್ ಅಗ್ಗವಾದರೆ ರಫ್ತು ಹೆಚ್ಚೀತು ಎಂದು ಅವರು ಲೆಕ್ಕ ಹಾಕಿದರು. ಅವರಲ್ಲೇ ಒಬ್ಬರಾದ ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಮಿನ್‌ಫೋರ್ಡ್, ಮುಕ್ತ ವ್ಯಾಪಾರದಲ್ಲಿ ತಯಾರಿಕೆ ಬಹುಮಟ್ಟಿಗೆ ಕುಗ್ಗೀತು, ಅದಕ್ಕೆ ಹೆದರಬೇಕಿಲ್ಲ ಎಂದು ನೇರವಾಗಿಯೇ ಹೇಳಿದ್ದರು. ಉಳಿಯಬೇಕೆಂದವರ ಉತ್ತರ ಸರಳ: ದೂರದ ಪೇಟೆ ಎಷ್ಟೇ ದೊಡ್ಡದಿರಲಿ, ಮನೆ ಬಾಗಿಲ ಸಂತೆಗೆ ಸಮನಾಗದು.

2020ರ ಜನವರಿ 31ರಂದು ಬ್ರಿಟನ್ ಹೊರಬಂತು. ಅದೇ ಡಿಸೆಂಬರ್ 24ರಂದು ಕುದುರಿದ ಒಪ್ಪಂದದಲ್ಲಿ ಸುಂಕವೂ ಇಲ್ಲ, ಮಿತಿಯೂ ಇಲ್ಲ. ಆದರೆ ಸುಂಕ ಹೋದ ಜಾಗದಲ್ಲಿ ಕಾಗದ ಬಂದು ಕುಳಿತಿತು. ಕಾರಿನ ಮೌಲ್ಯದಲ್ಲಿ ಹೊರದೇಶಗಳ ಭಾಗ ಶೇಕಡಾ 45ನ್ನು ಮೀರಿಲ್ಲವೆಂದು ರುಜುವಾತು ಕೊಡಬೇಕು; ಇಲ್ಲದಿದ್ದರೆ ಶೇಕಡಾ 10 ಸುಂಕ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯದೇ ದೊಡ್ಡ ಬೆಲೆ. ಅದನ್ನು ಏಷ್ಯಾದಿಂದ ತಂದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ಕಾರು ಕಾರ್ಖಾನೆಯ ಭವಿಷ್ಯ ಹತ್ತಿರದ ಬ್ಯಾಟರಿ ಕಾರ್ಖಾನೆಗೆ ಗಂಟುಬಿದ್ದಿದೆ.

ಸ್ವಂತ ಗುಣಮುದ್ರೆಯ ಕಥೆಯೂ ಬೋಧಪ್ರದ. ಯೂರೋಪಿನ ‘ಸಿಇ’ ಮುದ್ರೆಗೆ ಬದಲಾಗಿ ಬ್ರಿಟನ್ ‘ಯುಕೆಸಿಎ’ ಮುದ್ರೆ ತಂದಿತು. ಒಂದೇ ವಸ್ತುವಿಗೆ ಎರಡು ಪರೀಕ್ಷೆ ಎಂದು ತಯಾರಕರು ಗೋಳಿಟ್ಟರು. 2023ರಲ್ಲಿ ಸರ್ಕಾರವೇ ಮಣಿದು, ಅನೇಕ ಸರಕುಗಳಿಗೆ ಹಳೆಯ ಮುದ್ರೆ ಅನಿರ್ದಿಷ್ಟ ಕಾಲ ಸಾಕೆಂದಿತು. ಅಗ್ಗದ ಪೌಂಡ್ ಕೂಡ ನಿರೀಕ್ಷಿಸಿದಷ್ಟು ನೆರವಾಗಲಿಲ್ಲ. ಕಾರಿನ ಬೆಲೆ ಹೊರಗೆ ಇಳಿದರೆ, ಆಮದಾಗುವ ಬಿಡಿಭಾಗದ ಬೆಲೆ ಒಳಗೆ ಏರುತ್ತದೆ.

ದೊಡ್ಡ ಕಂಪೆನಿ ಕಾಗದಪತ್ರಕ್ಕೆ ಗುಮಾಸ್ತರನ್ನು ನೇಮಿಸಿಕೊಳ್ಳುತ್ತದೆ. ಹತ್ತು ಜನರ ಕಾರ್ಯಾಗಾರ ಏನು ಮಾಡೀತು? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರಲ್ಲಿ ಮಾಡಿದ ಅಂದಾಜಿನಂತೆ, ಹೊಸ ಒಪ್ಪಂದದ ಪರಿಣಾಮವಾಗಿ ಸುಮಾರು 16,400 ಸಂಸ್ಥೆಗಳು ಒಕ್ಕೂಟಕ್ಕೆ ರಫ್ತನ್ನೇ ನಿಲ್ಲಿಸಿದವು.

ಹಾಗೆಂದು ಎಲ್ಲ ಕಷ್ಟವನ್ನೂ ಈ ಒಂದು ತೀರ್ಮಾನದ ತಲೆಗೆ ಕಟ್ಟುವಂತಿಲ್ಲ. ಬ್ರಿಟನ್ನಿನ ಕಾರು ಉತ್ಪಾದನೆ 2016ರಲ್ಲಿ 17 ಲಕ್ಷ ದಾಟಿತ್ತು. 2024ರಲ್ಲಿ ಸುಮಾರು 7 ಲಕ್ಷ 80 ಸಾವಿರಕ್ಕೆ ಇಳಿಯಿತು. ನಡುವೆ ಕೋವಿಡ್, ಚಿಪ್‌ಗಳ ಕೊರತೆ, ಡೀಸೆಲ್ ಕಾರಿನ ಅವನತಿ ಎಲ್ಲವೂ ಬಂದುಹೋದವು. 2021ರಲ್ಲಿ ಸ್ವಿಂಡನ್ ಕಾರ್ಖಾನೆ ಮುಚ್ಚಿದ ಹೋಂಡಾ, ಕಾರಣ ಜಾಗತಿಕ ಬದಲಾವಣೆಯೇ ಹೊರತು ಬ್ರಿಟನ್ನಿನ ನಿರ್ಗಮನವಲ್ಲ ಎಂದಿತ್ತು. ಇನ್ನು ಸಲಹೆ, ಲೆಕ್ಕಪತ್ರ ಮುಂತಾದ ಸೇವೆಗಳ ರಫ್ತು ಚೆನ್ನಾಗಿಯೇ ಬೆಳೆಯಿತು. ಅವು ಬಂದರಿನ ಸಾಲಿನಲ್ಲಿ ಕಾಯಬೇಕಿಲ್ಲವಲ್ಲ!

ಹೊಸ ಒಪ್ಪಂದಗಳೂ ಆಗಿವೆ. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಪೆಸಿಫಿಕ್ ತೀರದ ವ್ಯಾಪಾರ ಕೂಟವನ್ನು ಸೇರಿತು. 2025ರ ಜುಲೈ 24ರಂದು ಭಾರತದೊಡನೆ ಒಪ್ಪಂದಕ್ಕೆ ಸಹಿಯಾಯಿತು. ಅದರಂತೆ ನಿಗದಿತ ಸಂಖ್ಯೆಯ ಬ್ರಿಟಿಷ್ ಕಾರುಗಳ ಮೇಲೆ ಭಾರತದ ಸುಂಕ ಶೇಕಡಾ 100ಕ್ಕೂ ಮೇಲಿನಿಂದ ಕ್ರಮೇಣ 10ಕ್ಕೆ ಇಳಿಯಬೇಕು. 2008ರಿಂದ ಟಾಟಾ ಒಡೆತನದಲ್ಲಿರುವ ಜಾಗ್ವಾರ್ ಲ್ಯಾಂಡ್‌ರೋವರ್ ಕೂಡ ಇದರ ಲಾಭದ ಲೆಕ್ಕದಲ್ಲಿದೆ. ಆದರೂ ಬ್ರಿಟನ್ನಿನ ಒಟ್ಟು ರಫ್ತಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ಪಾಲು 2024ರಲ್ಲೂ ಹೋದದ್ದು ನೆರೆಯ ಒಕ್ಕೂಟಕ್ಕೇ.

ಸಂಡರ್ಲೆಂಡ್‌ನ ಮತದಾರರು ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಂಡರು ಎಂದು ನಗುವುದು ಸುಲಭ. ಅವರ ಹಡಗುಕಟ್ಟೆಗಳು ಮುಚ್ಚಿದ್ದು ಬ್ರಿಟನ್ ಐರೋಪ್ಯ ಸಮುದಾಯದ ಒಳಗಿದ್ದಾಗಲೇ. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉತ್ಪನ್ನದ ಕಾಲು ಭಾಗಕ್ಕೂ ಹೆಚ್ಚಿದ್ದ ತಯಾರಿಕೆ, 2016ರ ವೇಳೆಗೆ ಸುಮಾರು ಹತ್ತನೇ ಒಂದಕ್ಕೆ ಕುಗ್ಗಿತ್ತು. ಒಳಗಿರುವುದೇ ಕಾರ್ಖಾನೆಯನ್ನು ಉಳಿಸದು. ಹೊರಬರುವುದೇ ಅದನ್ನು ಕಟ್ಟದು. ಬಂಡವಾಳ, ಕಸುಬಿನ ಶಿಕ್ಷಣ, ಕೈಗೆಟಕುವ ವಿದ್ಯುತ್ತು, ಹತ್ತು ವರ್ಷ ಬದಲಾಗದ ನೀತಿ ಇವು ಎರಡೂ ಕಡೆ ಬೇಕು. ಗಡಿಯ ಕಾಗದಗಳು ಇವುಗಳಲ್ಲಿ ಯಾವುದನ್ನೂ ಒದಗಿಸಲಾರವು. ಇರುವ ಬಂಡವಾಳವನ್ನೂ ಸಮಯವನ್ನೂ ನುಂಗಬಲ್ಲವು. ಆ ನಷ್ಟದ ಮೊದಲ ಕಂತನ್ನು ತೆತ್ತದ್ದು ಭಾಷಣ ಮಾಡಿದವರಲ್ಲ, ಸಣ್ಣ ಕಾರ್ಯಾಗಾರಗಳ ದುಡಿಮೆಗಾರರು.